ಒಂದು ಬೆರಳಿನ ‘ಅಡ್ವಾನ್ಸ್ಡ್’ ಪಾಠ

ಯುಕುಲೇಲೆ ಕಲಿಯೋಕೆ ಹೋಗಿ ಬಂದವರನ್ನು ಒಂದು ಮಾತು ಕೇಳಿ ನೋಡಿ: ಮೊದಲ ದಿನ ಯಾವ ಕಾರ್ಡ್ ಹೇಳಿಕೊಟ್ರು? ಹೆಚ್ಚಿನವರು ಹೇಳೋದು ಅದೇ ನಾಲ್ಕು: ಸಿ, ಎ ಮೈನರ್, ಎಫ್, ಜಿ. ಕಾರ್ಡ್ ಅಂದ್ರೆ ರೇಷನ್ ಕಾರ್ಡ್ ಅಲ್ಲ, ಮೂರೋ ನಾಲ್ಕೋ ಸ್ವರಗಳನ್ನು ಒಟ್ಟಿಗೆ ನುಡಿಸೋದು. ಆಮೇಲೆ ಇನ್ನೊಂದು ಕೇಳಿ: ಮೇಜರ್ ಸೆವೆಂತ್ ಹೇಳಿಕೊಟ್ರಾ? ‘ಅಯ್ಯೋ, ಅದೆಲ್ಲಾ ಅಡ್ವಾನ್ಸ್ಡ್. ಜಾಝ್ ನುಡಿಸೋರಿಗೆ. ನಮಗ್ಯಾಕೆ?’

ಈ ‘ನಮಗ್ಯಾಕೆ’ ಬಗ್ಗೆನೇ ನನ್ನ ತಕರಾರು.

ಯಾಕಂದ್ರೆ ಯುಕುಲೇಲೆಯಲ್ಲಿ ಸಿ ಮೇಜರ್ ಸೆವೆಂತ್ ನುಡಿಸೋಕೆ ಬೇಕಾಗಿರೋದು ಒಂದು ಬೆರಳು. ಒಂದೇ ಒಂದು. ಅದನ್ನು ಅಡ್ವಾನ್ಸ್ಡ್ ಅಂತ ಅಟ್ಟಕ್ಕೆ ಹಾಕಿ, ಮೂರು ಬೆರಳು ತಿರುಚಿ ಹಿಡಿಯೋ ಜಿ ಕಾರ್ಡನ್ನು ‘ಬಿಗಿನರ್’ ಅಂತ ಕೈಗೆ ಕೊಟ್ಟಿದ್ದಾರೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ರಂತೆ. ನಾವೂ ಮಾತಾಡದೆ ಕಟ್ಟಿದ್ದೀವಿ. ದಿನವಿಡೀ ಆಫೀಸಿನಲ್ಲಿ ‘ಇದು ಯಾಕೆ ಹೀಗೆ?’ ಅಂತ ಲಾಗ್ ಫೈಲ್ ಕೆದಕೋ ನಾವು, ಶನಿವಾರ ದುಡ್ಡು ಕೊಟ್ಟು ಕೂತ ಕ್ಲಾಸಿನಲ್ಲಿ ಮಾತ್ರ ಆ ಪ್ರಶ್ನೆ ಕೇಳಲ್ಲ.

ವಾದ ಆಮೇಲೆ ಮಾಡೋಣ. ಮೊದಲು ವಾದ್ಯ ಕೈಗೆ ತಗೊಳ್ಳಿ.

ನಾಲ್ಕು ತಂತಿ. ಹಿಡಿದುಕೊಂಡಾಗ ಮೇಲಿಂದ ಕೆಳಕ್ಕೆ ಜಿ, ಸಿ, ಇ, ಎ. ಸಿ ಸ್ವರವನ್ನು ಷಡ್ಜ ಅಂತ ಇಟ್ಟುಕೊಂಡರೆ ಇದು ಪ, ಸ, ಗ, ದ. ವೀಣೆಯ ಮೆಟ್ಟಿಲಿನ ಹಾಗೆ ಇಲ್ಲಿರೋದು ಫ್ರೆಟ್. ಒಂದು ಫ್ರೆಟ್ ಮುಂದೆ ಹೋದ್ರೆ ಸ್ವರ ಅರ್ಧ ಮನೆ ಏರುತ್ತೆ. 0-0-0-3 ಅಂತ ಬರೆದಿದ್ರೆ ಮೊದಲ ಮೂರು ತಂತಿ ಖಾಲಿ ಬಿಟ್ಟು, ಕೊನೆಯ ತಂತಿಯನ್ನು 3ನೇ ಫ್ರೆಟ್‌ನಲ್ಲಿ ಒತ್ತಿ ಅಂತ ಅರ್ಥ. ಅದೇ ಸಿ ಕಾರ್ಡ್. ಉಂಗುರದ ಬೆರಳು ಅಲ್ಲಿಟ್ಟು ನಾಲ್ಕೂ ತಂತಿ ಎಳೆಯಿರಿ. ಪ, ಸ, ಗ, ಮೇಲಿನ ಸ.

ಈಗ ಅದೇ ತಂತಿಯಲ್ಲಿ ಒಂದು ಫ್ರೆಟ್ ಹಿಂದೆ ಬನ್ನಿ. ಉಂಗುರದ ಬೆರಳು ಎತ್ತಿ, 2ನೇ ಫ್ರೆಟ್ ಮೇಲೆ ನಡುಬೆರಳು ಇಡಿ. 0-0-0-2. ಪ, ಸ, ಗ, ನಿ. ಇದೇ ಸಿ ಮೇಜರ್ ಸೆವೆಂತ್. ಮುಗೀತು. ಇಷ್ಟಕ್ಕೇ ‘ಅಡ್ವಾನ್ಸ್ಡ್’ ಅನ್ನೋ ಬೋರ್ಡು.

ಇನ್ನೊಂದು ಫ್ರೆಟ್ ಹಿಂದೆ ಬಂದು ತೋರುಬೆರಳು ಇಡಿ. 0-0-0-1. ಇದು ಸಿ ಸೆವೆಂತ್. ಇಲ್ಲೂ ನಿಷಾದವೇ ಇದೆ, ಆದ್ರೆ ಬೇರೆ ನಿಷಾದ. ಮೊದಲಿನದು ಕಾಕಲಿ ನಿಷಾದ, ಇದು ಕೈಶಿಕಿ. ಮೊದಲಿನದು ಶಂಕರಾಭರಣದ್ದು, ಇದು ಹರಿಕಾಂಭೋಜಿಯದ್ದು. ಮೇಳಕರ್ತ ಪಟ್ಟಿಯಲ್ಲಿ 29 ಮತ್ತು 28, ಅಕ್ಕಪಕ್ಕದ ಮನೆ. ಎರಡಕ್ಕೂ ಇರೋ ವ್ಯತ್ಯಾಸ ಆ ಒಂದು ನಿಷಾದ. ಯುಕುಲೇಲೆಯಲ್ಲಿ ಅದು ಒಂದು ಫ್ರೆಟ್, ಅಂದ್ರೆ ಹೆಚ್ಚುಕಮ್ಮಿ ಒಂದು ಬೆರಳು ಅಗಲದಷ್ಟು ಜಾಗ.

ಮೂರನ್ನೂ ಒಂದಾದ ಮೇಲೊಂದು ನುಡಿಸಿ: 3, 2, 1. ಕೊನೆಗೆ ಆ ತಂತಿಯನ್ನು ಪೂರ್ತಿ ಬಿಟ್ಟು ಎಫ್ ಕಾರ್ಡ್ ಹಿಡಿಯಿರಿ, 2-0-1-0. ಎ ತಂತಿ 3, 2, 1, 0 ಅಂತ ಮೆಟ್ಟಿಲಿಳಿದು ಅಂಗಳಕ್ಕೆ ಬಂತು. ಸ, ನಿ, ಇನ್ನೊಂದು ನಿ, ದ. ಉಳಿದ ಸ್ವರಗಳು ಹೆಚ್ಚುಕಮ್ಮಿ ನಿಂತಲ್ಲೇ ನಿಂತಿರುವಾಗ ಒಂದೇ ಸ್ವರ ಇಳೀತಾ ಹೋಗೋದು ಕಿವಿಗೆ ಬಿದ್ದರೆ, ಕಾರ್ಡ್ ಅಂದ್ರೆ ಏನು ಅಂತ ಯಾರೂ ಬೇರೆ ವಿವರಿಸಬೇಕಾಗಿಲ್ಲ.

1969ರಲ್ಲಿ ಬಂದ ಬೀಟಲ್ಸ್ ತಂಡದ ‘ಅಬೀ ರೋಡ್’ ಆಲ್ಬಮ್‌ನಲ್ಲಿ ಜಾರ್ಜ್ ಹ್ಯಾರಿಸನ್ ಬರೆದ ‘ಸಮ್‌ಥಿಂಗ್’ ಅಂತ ಒಂದು ಹಾಡಿದೆ. ಅದರ ಮೊದಲ ನಾಲ್ಕು ಹೆಜ್ಜೆ ಇವೇ: ಸಿ, ಸಿ ಮೇಜರ್ ಸೆವೆಂತ್, ಸಿ ಸೆವೆಂತ್, ಎಫ್. ಹ್ಯಾರಿಸನ್‌ಗೆ ಯುಕುಲೇಲೆ ಅಂದ್ರೆ ಪ್ರಾಣ. ಅವನು ತೀರಿಕೊಂಡು ಸರಿಯಾಗಿ ಒಂದು ವರ್ಷಕ್ಕೆ, 2002ರ ನವೆಂಬರ್ 29ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಪಾಲ್ ಮೆಕ್ಕಾರ್ಟ್ನಿ ಆ ಹಾಡನ್ನು ಶುರು ಮಾಡಿದ್ದು ಯುಕುಲೇಲೆ ಹಿಡಿದುಕೊಂಡೇ.

ಈಗ ನೀವು ಫೋನಿನಲ್ಲಿ ನೋಡೋ ‘ಈಸಿ ವರ್ಷನ್’ಗೆ ಬನ್ನಿ. ‘ಸಿಂಪ್ಲಿಫೈ’ ಅಂತ ಒತ್ತಿದರೆ ಏನಾಗುತ್ತೆ? ಮೇಜರ್ ಸೆವೆಂತ್ ಹೋಯ್ತು, ಸೆವೆಂತ್ ಹೋಯ್ತು. ಸಿ, ಸಿ, ಸಿ, ಎಫ್. ಇಳಿಯೋ ಮೆಟ್ಟಿಲನ್ನೇ ಕಿತ್ತು ಹಾಕಿ, ಅಟ್ಟದಿಂದ ಅಂಗಳಕ್ಕೆ ಜಿಗಿ ಅಂದ ಹಾಗೆ. ಇದರಲ್ಲಿ ನಿಮ್ಮ ಬೆರಳಿಗೆ ಉಳಿದ ಶ್ರಮ ಎಷ್ಟು? ಏನೇನೂ ಇಲ್ಲ. 3ರ ಮೇಲೆ ಇಡೋ ಬೆರಳಿಗಿಂತ 2ರ ಮೇಲೆ ಇಡೋ ಬೆರಳಿಗೆ ಜಾಸ್ತಿ ನೋವಾಗುತ್ತಾ? ಜಿ ಕಾರ್ಡ್ ನೋಡಿ, 0-2-3-2. ಮೂರು ಬೆರಳಿನ ತ್ರಿಕೋನ. ಹೊಸಬರು ಬೈಕೊಂಡು ಕಲಿಯೋದು ಇದನ್ನೇ. ಜಿ ಮೇಜರ್ ಸೆವೆಂತ್ 0-2-2-2. ಮೂರೂ ಒಂದೇ ಗೆರೆಯಲ್ಲಿ, ಒಂದು ಬೆರಳು ಮಲಗಿಸಿದ್ರೂ ಸಾಕು. ಎ ಕಾರ್ಡ್ 2-1-0-0, ಎರಡು ಬೆರಳು, ಎರಡು ಫ್ರೆಟ್. ಎ ಮೇಜರ್ ಸೆವೆಂತ್ 1-1-0-0, ಒಂದೇ ಫ್ರೆಟ್. ಹಾಗಾದ್ರೆ ಯಾವುದು ಸ್ವಾಮಿ ಈಸಿ? ಇಲ್ಲಿ ಸರಳ ಮಾಡಿದ್ದು ಕೈಯ ಕೆಲಸ ಅಲ್ಲ, ಕಿವಿಯ ಕೆಲಸ. ಅದನ್ನು ಸರಳ ಮಾಡಿ ಅಂತ ನಾವು ಯಾರೂ ಕೇಳಿರಲಿಲ್ಲ.

ಇದಕ್ಕೆ ಕಲಿಸೋರ ಹತ್ರ ಒಂದು ಉತ್ತರ ಇದೆ, ಅದನ್ನು ನ್ಯಾಯವಾಗಿ ಇಡ್ತೀನಿ. ಪಾಶ್ಚಾತ್ಯ ಹಾರ್ಮನಿ ಪಾಠದ ಕ್ರಮವೇ ಹಾಗೆ: ಮೊದಲು ಮೂರು ಸ್ವರದ ಕಾರ್ಡ್, ಅಂದ್ರೆ ಸ-ಗ-ಪ, ಆಮೇಲೆ ಅದರ ಮೇಲೆ ನಾಲ್ಕನೆಯದಾಗಿ ನಿ. ಮೂರು ತಿಳಿಯದೆ ನಾಲ್ಕು ಹೇಗೆ? ಒಪ್ಪೋಣ. ಆದ್ರೆ ಆ ಕ್ರಮಕ್ಕೆ ಅರ್ಥ ಇರೋದು ‘ಸಿ ಕಾರ್ಡ್‌ನಲ್ಲಿ ಇರೋದು ಈ ಮೂರು ಸ್ವರ’ ಅಂತ ಮೊದಲು ಹೇಳಿದಾಗ ಮಾತ್ರ. ಈ ವೀಕೆಂಡ್ ಕ್ಲಾಸುಗಳಲ್ಲಿ ಅದನ್ನು ಹೇಳ್ತಾರಾ? ನಾನು ಕೂತಿದ್ದ ಒಂದು ಕ್ಲಾಸಿನಲ್ಲಿ ಒಂದೂವರೆ ಗಂಟೆ ಹೊತ್ತು ಒಂದೇ ಒಂದು ಸ್ವರದ ಹೆಸರು ಬರಲಿಲ್ಲ. ಪರದೆ ಮೇಲೆ ಚುಕ್ಕಿ, ಚುಕ್ಕಿ ಇದ್ದಲ್ಲಿ ಬೆರಳು. ‘ನೋ ಥಿಯರಿ’ ಅನ್ನೋದೇ ಅವರ ಜಾಹೀರಾತು. ಥಿಯರಿ ಬೇಡ ಅಂತ ಎಸೆದವರು ಥಿಯರಿ ಪುಸ್ತಕದ ಕ್ರಮವನ್ನು ಮಾತ್ರ ಯಾಕೆ ಜೋಪಾನವಾಗಿ ಇಟ್ಟುಕೊಂಡಿದ್ದಾರೆ? ಹಣ್ಣು ಬಿಸಾಕಿ ಸಿಪ್ಪೆ ಇಟ್ಟುಕೊಂಡ ಹಾಗಾಯ್ತು. ಬರೀ ಬೆರಳಿನ ಲೆಕ್ಕದಲ್ಲಿ ಕಲಿಸೋದಾದ್ರೆ 0-0-0-2 ಮೊದಲ ಹತ್ತು ನಿಮಿಷದಲ್ಲೇ ಬರಬೇಕಿತ್ತು. ಸ್ವರದ ಲೆಕ್ಕದಲ್ಲಿ ಕಲಿಸೋದಾದ್ರೆ ಹದಿನೈದನೇ ನಿಮಿಷಕ್ಕೆ.

ಕಾರಣ ಹೇಳಿದ್ರೆ ಏನು ಲಾಭ ಅನ್ನೋರಿಗೆ ಒಂದು ಲೆಕ್ಕ. ಸಿ ಕಾರ್ಡ್‌ನಲ್ಲಿ ‘ಸ’ ಎರಡು ಸಲ ಬರುತ್ತೆ: ಒಂದು ಖಾಲಿ ಸಿ ತಂತಿ, ಇನ್ನೊಂದು ಎ ತಂತಿಯ 3ನೇ ಫ್ರೆಟ್. ಎರಡರಲ್ಲಿ ಒಂದನ್ನು ಅರ್ಧ ಮನೆ ಇಳಿಸಿದರೆ ಅದು ನಿ ಆಗುತ್ತೆ, ಇನ್ನೊಂದು ಸ ಅಲ್ಲೇ ಇರುತ್ತೆ. ಜಿ ಕಾರ್ಡ್‌ನಲ್ಲೂ ಜಿ ಎರಡು ಸಲ, ಎ ಕಾರ್ಡ್‌ನಲ್ಲೂ ಎ ಎರಡು ಸಲ. ಅದಕ್ಕೇ ಮೂರರಲ್ಲೂ ಒಂದೇ ಉಪಾಯ: ಒಂದು ‘ಸ’ ಹಿಡಿ, ಒಂದು ಫ್ರೆಟ್ ಹಿಂದೆ ಬಾ. ಡಿ ಕಾರ್ಡ್‌ಗೆ ಬಂದಾಗ ಈ ಉಪಾಯ ಕೈ ಕೊಡುತ್ತೆ. 2-2-2-0ರಲ್ಲಿ ಎರಡು ಸಲ ಬರೋದು ‘ಸ’ ಅಲ್ಲ, ‘ಪ’. ಇರೋ ಒಂದೇ ‘ಸ’ ಇಳಿಸಿದರೆ ಮನೆಯ ಯಜಮಾನನೇ ಹೊರಗೆ. ಹಾಗಾಗಿ ಒಂದು ‘ಪ’ವನ್ನು ನಾಲ್ಕು ಫ್ರೆಟ್ ಮೇಲಕ್ಕೆ, ‘ನಿ’ವರೆಗೆ ಹತ್ತಿಸಬೇಕು: 2-2-2-4. ಕಿರುಬೆರಳು ಚಾಚಬೇಕು, ಕಷ್ಟ. ಎಲ್ಲಾ ಮೇಜರ್ ಸೆವೆಂತೂ ಸುಲಭ ಅಂತ ನಾನು ಹೇಳ್ತಿಲ್ಲ. ಯಾವುದು ಸುಲಭ, ಯಾವುದು ಕಷ್ಟ, ಅದಕ್ಕೆ ಏನು ಕಾರಣ ಅನ್ನೋದು ಮೂರೇ ಮೂರು ಸ್ವರದ ಹೆಸರು ಗೊತ್ತಿದ್ರೆ ನಿಮಗೇ ಹೊಳೆಯುತ್ತೆ ಅಂತ ಹೇಳ್ತಿದೀನಿ. ಚುಕ್ಕಿ ನೋಡಿ ಕಲಿತವನಿಗೆ ನಾಲ್ಕು ಕಾರ್ಡ್‌ಗೆ ನಾಲ್ಕು ಚಿತ್ರ ಬೇಕು, ನಲವತ್ತಕ್ಕೆ ನಲವತ್ತು. ಕಾಪಿ-ಪೇಸ್ಟ್ ಮಾಡಿದ ಕೋಡ್ ಬೇರೆಯವರ ಸರ್ವರ್‌ನಲ್ಲಿ ಬಿದ್ದ ರಾತ್ರಿ ನಾವೆಲ್ಲಾ ಪಡೋ ಪಾಡು ಅದೇ.

ಹೆಸರಿನ ಗೊಂದಲವೂ ಇದೇ ತೋಟದ ಕಳೆ. ಬರೀ ‘ಸೆವೆಂತ್’ ಅಂದ್ರೆ ಕೈಶಿಕಿ ನಿ, ‘ಮೇಜರ್ ಸೆವೆಂತ್’ ಅಂದ್ರೆ ಕಾಕಲಿ ನಿ. ಚಾರ್ಟುಗಳಲ್ಲಿ ಕೆಲವರು ಮೇಜರ್ ಸೆವೆಂತ್‌ಗೆ ದೊಡ್ಡ ಎಮ್ ಹಾಕ್ತಾರೆ, ಮೈನರ್ ಸೆವೆಂತ್‌ಗೆ ಚಿಕ್ಕ ಎಮ್. ಸಿ ಮೈನರ್ ಸೆವೆಂತ್ 3-3-3-3, ಸಿ ಮೇಜರ್ ಸೆವೆಂತ್ 0-0-0-2, ಎಲ್ಲಿಂದೆಲ್ಲಿಯ ಸಂಬಂಧ! ಒಂದು ಅಕ್ಷರ ದೊಡ್ಡದೋ ಚಿಕ್ಕದೋ ಅಂತ ಅರ್ಧ ದಿನ ಡಿಬಗ್ ಮಾಡಿದ ಅನುಭವ ನಮ್ಮಲ್ಲಿ ಯಾರಿಗಿಲ್ಲ? ಅಂಥವರಿಗೆ ಇದನ್ನು ಒಂದು ಸಾಲಿನಲ್ಲಿ ಹೇಳಿದ್ರೆ ಜನ್ಮದಲ್ಲಿ ಮರೆಯಲ್ಲ. ಹೇಳೋರು ಬೇಕು ಅಷ್ಟೆ.

ಇನ್ನು ಆಕ್ಷೇಪಣೆಗಳು.

‘ಅದು ಕೇಳೋಕೆ ಏನೋ ಬೇಸುರು ಅನ್ಸುತ್ತೆ.’ ಕೆಲವು ಕಡೆ ನಿಜ, ಅದಕ್ಕೂ ಕಾರಣ ಇದೆ. 0-0-0-2ರಲ್ಲಿ ಸ ಕೆಳಗೆ, ನಿ ಎಷ್ಟೋ ಮೇಲೆ; ನಡುವೆ ಪ ಮತ್ತು ಗ ಕೂತಿವೆ. ಹಾಗಾಗಿ ಜಗಳ ಕೇಳಿಸಲ್ಲ, ಒಂಥರಾ ಸಂಜೆ ಹೊತ್ತಿನ ಬೆಳಕು ಕೇಳಿಸುತ್ತೆ. ಎ ಮೇಜರ್ ಸೆವೆಂತ್‌ನಲ್ಲಿ ಹಾಗಲ್ಲ. ಯುಕುಲೇಲೆಯ ಮೇಲಿನ ಜಿ ತಂತಿ ನೋಡೋಕೆ ಮಂದ್ರದ ಜಾಗದಲ್ಲಿದ್ರೂ ಸಾಮಾನ್ಯ ಶ್ರುತಿಯಲ್ಲಿ ಅದು ತಾರದಲ್ಲಿ ನುಡಿಯೋ ತಂತಿ. ಅದರ 1ನೇ ಫ್ರೆಟ್ ಸುಮಾರು 415 ಹರ್ಟ್ಸ್, ಖಾಲಿ ಎ ತಂತಿ 440. ಎರಡೂ ಒಟ್ಟಿಗೆ ನುಡಿದಾಗ ಸೆಕೆಂಡಿಗೆ ಸುಮಾರು 25 ಸಲ ಒಂದಕ್ಕೊಂದು ಡಿಕ್ಕಿ. ಅದೇ ಆ ಒರಟು. ಒಂದೇ ಜಾತಿಯ ಕಾರ್ಡ್, ಎರಡು ಸ್ವಭಾವ. ಇಷ್ಟವಾಗದಿದ್ರೆ ನುಡಿಸಬೇಡಿ, ಆದ್ರೆ ಕೇಳಿ ತೀರ್ಮಾನ ಮಾಡಿ. ಕೇಳಿಸದೆಯೇ ‘ನಿಮಗೆ ಇಷ್ಟವಾಗಲ್ಲ’ ಅಂದವರ ಮಾತು ಯಾಕೆ ನಂಬ್ತೀರಾ?

ಎರಿಕ್ ಸಾಟಿ ಅನ್ನೋ ಫ್ರೆಂಚ್ ಸಂಗೀತಗಾರ 1888ರಲ್ಲಿ ಪಿಯಾನೋಗೆ ಬರೆದ ಮೊದಲನೇ ‘ಜಿಮ್ನೋಪೆಡಿ’ ಶುರುವಾಗೋದೇ ಜಿ ಮೇಜರ್ ಸೆವೆಂತ್, ಡಿ ಮೇಜರ್ ಸೆವೆಂತ್, ಮತ್ತೆ ಜಿ, ಮತ್ತೆ ಡಿ ಅಂತ. ನಮ್ಮ ವಾದ್ಯದಲ್ಲಿ 0-2-2-2, 2-2-2-4. ಕೇಳಿದ ತಕ್ಷಣ ‘ಓ ಇದಾ!’ ಅಂತೀರಾ, ಎಷ್ಟೋ ಸಿನಿಮಾ, ಜಾಹೀರಾತಿನಲ್ಲಿ ಬಂದಿದೆ. ಜಾಝ್ ಅನ್ನೋ ಹೆಸರು ಹುಟ್ಟೋಕೆ ಮುಂಚಿನದು ಅದು. ‘ಜಾಝ್‌ನೋರಿಗೆ ಮಾತ್ರ’ ಅನ್ನೋ ಬೋರ್ಡು ಯಾರು ಬರೆದರೋ!

‘ನಮ್ಮ ಸಂಗೀತದಲ್ಲಿ ಕಾರ್ಡ್ ಇಲ್ಲ, ಇದೆಲ್ಲಾ ಪರದೇಶದ್ದು.’ ಮೊದಲ ಅರ್ಧ ಸರಿ. ನಮ್ಮದು ರಾಗ, ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗೋ ದಾರಿಯಲ್ಲೇ ಅದರ ಜೀವ. ಫ್ರೆಟ್ ಮೇಲೆ ನಾಲ್ಕು ಸ್ವರ ಒಟ್ಟಿಗೆ ಮೀಟಿದ್ರೆ ರಾಗ ಆಗಲ್ಲ, ಆಗುತ್ತೆ ಅಂತ ನಾನೂ ಹೇಳಲ್ಲ. ಆದ್ರೆ ಕಿವಿಗೆ ಪರದೇಶ ಅಷ್ಟೊಂದು ದೂರ ಇಲ್ಲ. ಹಂಸಧ್ವನಿ ತಗೊಳ್ಳಿ: ಸ ರಿ ಗ ಪ ನಿ. ಮುತ್ತುಸ್ವಾಮಿ ದೀಕ್ಷಿತರ ‘ವಾತಾಪಿ ಗಣಪತಿಂ’ ಇರೋ ರಾಗ. ಮದುವೆಮನೆ ನಾಗಸ್ವರದಲ್ಲೋ, ಗಣೇಶನ ಹಬ್ಬದ ಪೆಂಡಾಲಿನಲ್ಲೋ ನೀವು ಕೇಳಿರ್ತೀರಾ. ಅದರಲ್ಲಿ ರಿ ಬಿಟ್ಟು ಉಳಿದ ನಾಲ್ಕು ಸ್ವರ 0-0-0-2ರಲ್ಲಿ ಇವೆ. ನಿ ಮೇಲೆ ನಿಂತಾಗ ಸ ಕಡೆಗೆ ಎಳೆಯೋ ಆ ಸೆಳೆತ ನಮ್ಮ ಕಿವಿಗೆ ಹೊಸದಲ್ಲ. ಮೇಜರ್ ಸೆವೆಂತ್ ಮಾಡೋದು ಇಷ್ಟೆ, ಆ ಸೆಳೆತವನ್ನು ಬಿಡಿಸದೆ ಹಾಗೇ ನಿಲ್ಲಿಸಿ ಇಡೋದು. ನಮ್ಮ ಕಿವಿಗೆ ತಯಾರಿ ಇಲ್ಲ ಅನ್ನೋದು ನಮ್ಮ ಮದುವೆಮನೆಗಳಿಗೇ ಮಾಡೋ ಅವಮಾನ.

‘ಇದು ಚಿಕ್ಕ ವಾದ್ಯ, ಆಟದ ಸಾಮಾನು. ಇದಕ್ಕೆ ಇಷ್ಟೆಲ್ಲಾ ಬೇಕಾ?’ ಕಬ್ಬು ಬೆಳೆಯೋ ಊರಲ್ಲಿ ಬೆಳೆದ ನನಗೆ ಈ ಮಾತು ಜಾಸ್ತಿ ಚುಚ್ಚುತ್ತೆ. 1879ರ ಆಗಸ್ಟ್ 23ರಂದು ‘ರೇವನ್ಸ್‌ಕ್ರಾಗ್’ ಅನ್ನೋ ಹಡಗು ಹವಾಯಿಯ ಹೊನೊಲುಲು ತಲುಪಿತು. ಅದರಲ್ಲಿದ್ದವರು ಪೋರ್ಚುಗಲ್‌ಗೆ ಸೇರಿದ ಮದೀರಾ ದ್ವೀಪದ ಜನ, ಕಬ್ಬಿನ ತೋಟಗಳಿಗೆ ದುಡಿಯೋಕೆ ಕರೆಸಿಕೊಂಡವರು. ಜೊತೆಯಲ್ಲಿ ‘ಮಾಚೆಟೆ’ ಅನ್ನೋ ಪುಟ್ಟ ತಂತಿವಾದ್ಯ ತಂದಿದ್ರು. ಅದೇ ಹಡಗಿನಲ್ಲಿ ಬಂದ ಮೂವರು ಮರಗೆಲಸದವರು, ಮ್ಯಾನುಯಲ್ ನೂನೆಸ್, ಅಗಸ್ಟೊ ಡಯಾಸ್, ಜೋಸ್ ಡೊ ಎಸ್ಪಿರಿಟೊ ಸಾಂಟೊ, ಹವಾಯಿಯಲ್ಲಿ ಯುಕುಲೇಲೆ ಮಾಡಿದ ಮೊದಲಿಗರು. ಅಲ್ಲಿನ ದೊರೆ ಕಲಾಕಾವಾ ಅದನ್ನು ಅರಮನೆಗೆ ಕರೆಸಿಕೊಂಡ. ಕೂಲಿಗೆ ಬಂದವರ ಜೊತೆ ಹಡಗು ಹತ್ತಿ, ಆಸ್ಥಾನದವರೆಗೆ ಹೋದ ವಾದ್ಯ ಇದು. ಇದನ್ನು ಆಟದ ಸಾಮಾನು ಅನ್ನೋಕೆ ನಾವು ಯಾರು?

ಕೊನೆಯದು, ಎಲ್ಲಕ್ಕಿಂತ ಗಟ್ಟಿ ಆಕ್ಷೇಪಣೆ: ‘ಗುರೂ, ವಾರವೆಲ್ಲಾ ದುಡಿದು ಸುಸ್ತಾಗಿರುತ್ತೆ. ಖುಷಿಗೆ ನುಡಿಸ್ತೀವಿ. ಅಲ್ಲೂ ಸ್ವರ, ಲೆಕ್ಕ ಅಂತ ತಲೆ ತಿನ್ಬೇಡ.’

ಸುಸ್ತು ಅಂದ್ರೆ ಏನು ಅಂತ ಒಂದು ಕಡೆ ತೋರಿಸ್ತೀನಿ. ನಮ್ಮ ಕಡೆ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಲಿಯೋ ಕಾಲದಲ್ಲಿ, ದಿನವಿಡೀ ಗದ್ದೆಯಲ್ಲಿ ಕೆಸರು ತುಳಿದು ಬಂದವರು ರಾತ್ರಿ ಊಟ ಮುಗಿಸಿ ತಾಲೀಮಿಗೆ ಕೂರ್ತಾರೆ. ತಿಂಗಳುಗಟ್ಟಲೆ. ಅದರಲ್ಲಿ ಕೆಲವರಿಗೆ ಓದೋಕೆ ಬರಲ್ಲ, ಪದ್ಯ ಯಾರಾದ್ರೂ ಓದಿ ಬಾಯಿಗೆ ಹಾಕಬೇಕು. ಆದ್ರೂ ಹಾರ್ಮೋನಿಯಂ ಮೇಷ್ಟ್ರು ‘ಇದು ಮೋಹನ ಕಣಪ್ಪಾ, ಇದು ಹಿಂದೋಳ’ ಅಂತ ಹೆಸರು ಹೇಳಿಯೇ ಪದ್ಯ ಕಲಿಸ್ತಾರೆ. ಭೀಮನ ಪಾರ್ಟಿನವನಿಗೆ ತನ್ನ ಪದ್ಯ ಯಾವ ರಾಗ ಅಂತ ಗೊತ್ತಿರುತ್ತೆ, ಅದನ್ನು ಹೆಮ್ಮೆಯಿಂದ ಹೇಳ್ತಾನೆ. ‘ನೀನು ರೈತ, ಸುಸ್ತಾಗಿದ್ದೀಯಾ, ರಾಗದ ಹೆಸರು ನಿನಗ್ಯಾಕೆ’ ಅಂತ ಯಾವ ಮೇಷ್ಟ್ರೂ ಅನ್ನಲ್ಲ. ಖುಷಿಗೂ ತಿಳಿವಳಿಕೆಗೂ ಜಗಳ ಹಚ್ಚಿದ್ದು ಅವರಲ್ಲ. ಎ.ಸಿ. ರೂಮಿನಲ್ಲಿ ಕೂರೋ ಇಂಜಿನಿಯರ್‌ಗೆ ಏಳು ಸ್ವರದ ಹೆಸರು ಭಾರ ಆಗುತ್ತೆ ಅಂತ ಯಾರೋ ಮಾರ್ಕೆಟಿಂಗ್‌ನವರು ತೀರ್ಮಾನ ಮಾಡಿದ್ರು, ನಾವು ತಲೆ ಅಲ್ಲಾಡಿಸಿದ್ವಿ.

ತಲೆ ಅಲ್ಲಾಡಿಸೋದು ನಮಗೆ ಹಳೇ ಅಭ್ಯಾಸ. ಕನ್ನಡ ಮೀಡಿಯಂನಿಂದ ಬಿ.ಇ.ಗೆ ಬಂದವರಿಗೆ ಇದು ಚೆನ್ನಾಗಿ ಗೊತ್ತು. ಕ್ಲಾಸಿನಲ್ಲಿ ಎದ್ದು ‘ಈ ಫಾರ್ಮುಲಾ ಎಲ್ಲಿಂದ ಬಂತು ಸರ್’ ಅಂತ ಕೇಳಿದ್ರೆ ‘ಅದು ನಿಮಗೆ ಬೇಡ, ಬಾಯಿಪಾಠ ಮಾಡಿ, ಎಂಟು ಮಾರ್ಕ್ಸಿಗೆ ಬರುತ್ತೆ’ ಅನ್ನೋ ಉತ್ತರ. ಗೈಡ್ ಓದಿ ಪಾಸಾದ್ವಿ. ಕೆಲಸಕ್ಕೆ ಬಂದ್ರೆ ‘ಆ ಮಾಡ್ಯೂಲ್ ಮುಟ್ಬೇಡಿ, ನಿಮಗೆ ಅರ್ಥ ಆಗಲ್ಲ’. ಯಾವುದು ನಮಗೆ ಮೀರಿದ್ದು ಅಂತ ಬೇರೆ ಯಾರೋ ಮೊದಲೇ ಬರೆದಿಟ್ಟಿರ್ತಾರೆ. ಪರೀಕ್ಷೆಯಲ್ಲಿ, ಆಫೀಸಿನಲ್ಲಿ ಅದನ್ನು ಸಹಿಸಿದ್ದಕ್ಕೆ ಹೊಟ್ಟೆಪಾಡಿನ ನೆಪ ಇತ್ತು. ಯುಕುಲೇಲೆ ನುಡಿಸು ಅಂತ ಯಾವ ಮ್ಯಾನೇಜರೂ ಹೇಳಿಲ್ಲ, ಯಾವ ಅಪ್ರೈಸಲ್‌ನಲ್ಲೂ ಅದು ಬರಲ್ಲ. ಪೂರ್ತಿ ನಮ್ಮದೇ ಆಗಿರೋ ಎರಡು ಗಂಟೆ ಅದು. ಅಲ್ಲೂ ‘ಅದು ನಿಮಗೆ ಬೇಡ’ ಅಂತ ಕೇಳಿಸಿಕೊಂಡು, ಅದಕ್ಕೆ ಫೀಸೂ ಕಟ್ಟಿ ಬರೋದು ಯಾವ ಸೀಮೆ ಖುಷಿ?

ಕಲಿಸೋರಲ್ಲಿ ಒಳ್ಳೆಯವರಿದ್ದಾರೆ. ಅವರಿಗೂ ಬಾಡಿಗೆ ಕಟ್ಟಬೇಕು, ಬಂದವರು ಒಂದೇ ದಿನಕ್ಕೆ ರೀಲ್ಸ್ ಮಾಡ್ಬೇಕು ಅಂತ ಕೂತಿರ್ತಾರೆ. ಅದಕ್ಕೇ ಮೊದಲ ಹೆಜ್ಜೆ ನಾವೇ ಇಡಬೇಕು. ಮುಂದಿನ ಶನಿವಾರ ಕ್ಲಾಸಿಗೆ ಹೋದಾಗ ಒಂದೇ ಪ್ರಶ್ನೆ ಕೇಳಿ: ‘ಸರ್, ಈ ಕಾರ್ಡ್‌ನಲ್ಲಿ ಇರೋ ಸ್ವರಗಳು ಯಾವುವು?’ ಹೇಳಿದ್ರೆ ಅವರ ಹತ್ರವೇ ಕಲಿಯಿರಿ, ಬಿಡಬೇಡಿ. ‘ಅದೆಲ್ಲಾ ಈಗ ಬೇಡ’ ಅಂದ್ರೆ ಮನೆಗೆ ಬನ್ನಿ. ಎ ತಂತಿಯ 3ರ ಮೇಲೆ ಬೆರಳಿಡಿ. ಆಮೇಲೆ 2. ಅಲ್ಲಿ ಸ್ವಲ್ಪ ಹೊತ್ತು ನಿಂತು ಕೇಳಿ.